ತೂಬಿನ ನೀರು, ಸಭೆಯ ಮಾತು: ಕಡೂರು ಸೀಮೆಯ ಕೆರೆಯಾಡಳಿತ

ಚಂದ್ರದ್ರೋಣ ಪರ್ವತದ ಮೇಲೆ ಸುರಿಯುವ ಮಳೆಯಲ್ಲಿ ಅಲ್ಪಪಾಲಷ್ಟೇ ಅದರ ಪೂರ್ವಕ್ಕಿರುವ ಕಡೂರು, ಅಜ್ಜಂಪುರಗಳ ಬಯಲಿಗೆ ದಕ್ಕುವುದರಿಂದ, ಗಿರಿಯಿಂದ ಇಳಿದು ಬರುವ ಹಳ್ಳಗಳಿಗೆ ಏರಿ ಕಟ್ಟಿ ನೀರನ್ನು ನಿಲ್ಲಿಸಿಕೊಳ್ಳುವುದೇ ಈ ಸೀಮೆಯ ಬೇಸಾಯಕ್ಕೆ ಹಿಂದಿನಿಂದಲೂ ಆಧಾರವಾಗಿದೆ. ವೇದಾ ಹೊಳೆಗೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಅವತಿ ಹೊಳೆಗೆ ಮದಗದಕೆರೆ; ಈ ಎರಡೂ ಹೊಳೆಗಳು ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ, 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ಸೇರುತ್ತವೆ.

ಕೆರೆ ಕಟ್ಟುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟದ ಕೆಲಸವಾದ್ದರಿಂದ, ಅದಕ್ಕೆ ತಕ್ಕ ಏರ್ಪಾಡುಗಳು ಕನ್ನಡನಾಡಿನಲ್ಲಿ ಬಹು ಹಿಂದೆಯೇ ರೂಪುಗೊಂಡಿದ್ದವು. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿಯನ್ನು ಶಾಸನಗಳು ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕರೆಯುತ್ತವೆ. ತೂಬಿನ ಕೆಳಗೆ ನೀರುಣ್ಣುವ ಗದ್ದೆಗಳ ಪ್ರದೇಶವೇ ಅಚ್ಚುಕಟ್ಟು. ಅಲ್ಲಿ ಸರದಿಯಂತೆ ನೀರು ಹಾಯಿಸಿ, ಕೋಡಿ ಬೀಳುವ ಹೊತ್ತಿನಲ್ಲಿ ಏರಿಯ ಮೇಲೆ ಕಾವಲಿರುವವನು ನೀರುಗಂಟಿ. ಯಾವ ಗದ್ದೆ ಎಷ್ಟು ಹೊತ್ತಿನಲ್ಲಿ ನೆನೆಯುತ್ತದೆ, ನೀರು ಸಾಲದ ವರ್ಷ ನಾಟಿಯನ್ನು ಎಲ್ಲಿಗೆ ನಿಲ್ಲಿಸಬೇಕು, ಏರಿಯ ಯಾವ ಭಾಗ ಜಿನುಗುತ್ತದೆ ಎಂಬ ಅವನ ತಿಳಿವಳಿಕೆ ಯಾವ ಕಡತದಲ್ಲೂ ಬರೆದುದಲ್ಲ. ತಲೆಮಾರಿನಿಂದ ತಲೆಮಾರಿಗೆ ಮಾಡಿ ಕಲಿತದ್ದು. ಬೇಸಿಗೆಯಲ್ಲಿ ರೈತರು ಕೆರೆಯ ಗೋಡನ್ನು ಹೊತ್ತು ಹೊಲಕ್ಕೆ ಹಾಕುವಾಗ ಕೆರೆಯ ಹೂಳೂ ತಗ್ಗುತ್ತಿತ್ತು, ಹೊಲಕ್ಕೆ ಸಾರವೂ ಬರುತ್ತಿತ್ತು. ಇಡೀ ಊರಿನ ಕಲಿಕೆ ಎಂಬ ಮಾತು ಇಲ್ಲಿ ಅತಿಶಯೋಕ್ತಿಯಲ್ಲ. ಆದರೆ ಈ ವ್ಯವಸ್ಥೆಯನ್ನು ಪ್ರಜಾಪ್ರಭುತ್ವವೆಂದು ಹೊಗಳುವುದೂ ಸರಿಯಲ್ಲ: ನೀರುಗಂಟಿಗಳಲ್ಲಿ ಬಹುಪಾಲು ಜನ ಜಾತಿಶ್ರೇಣಿಯ ಕೆಳಗಿನವರು, ತೀರ್ಮಾನಿಸುವ ಕಟ್ಟೆಯ ಮೇಲೆ ಅವರಿಗಾಗಲಿ ಹೆಂಗಸರಿಗಾಗಲಿ ಜಾಗವಿರಲಿಲ್ಲ.

ಚುನಾವಣೆಯ ಹಾದಿಯ ಆಡಳಿತ ಇನ್ನೊಂದು ದಿಕ್ಕಿನಿಂದ ಬಂತು. ದಿವಾನ್ ಸಿ. ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ದಸರಾ ಹೊತ್ತಿಗೆ ಕೂಡಿಸಿದ ಮೊದಲ ಪ್ರಜಾಪ್ರತಿನಿಧಿ ಸಭೆಗೆ 144 ಸದಸ್ಯರಿದ್ದು, ಪ್ರತಿ ತಾಲ್ಲೂಕಿನಿಂದ ಒಬ್ಬರು ಅಥವಾ ಇಬ್ಬರು ರೈತರು ಆಯ್ಕೆಯಾಗಬೇಕೆಂಬ ನಿಯಮವಿತ್ತು. ಅಂದಿನ ಕಡೂರು ಜಿಲ್ಲೆಯ ತಾಲ್ಲೂಕುಗಳಾದ ಕಡೂರು, ತರೀಕೆರೆಗಳಿಗೂ ಹೀಗೆ ರಾಜಧಾನಿಯಲ್ಲಿ ಬಾಯಿ ಬಂತು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಅಹವಾಲು ಹೇಳಬಹುದಿತ್ತು ಅಷ್ಟೇ. ಅಂಥ ಅಹವಾಲುಗಳಲ್ಲಿ ಒಡೆದ ಕೆರೆಗಳ ದುರಸ್ತಿ ಮತ್ತೆ ಮತ್ತೆ ಬಂದ ವಿಷಯ. 1911ರ ಕೆರೆ ಪಂಚಾಯಿತಿ ಕಾಯಿದೆ ಸಣ್ಣ ಕೆರೆಗಳ ನಿರ್ವಹಣೆಯನ್ನು ರೈತರ ಪಂಚಾಯಿತಿಗೆ ವಹಿಸಲು ದಾರಿ ತೆರೆಯಿತಾದರೂ, ಅಧಿಕಾರ ಅರೆಬರೆಯಾಗಿ ಉಳಿದುದರಿಂದ ಅದು ಬೇರೂರಲಿಲ್ಲ. ನೀರನ್ನು ಬಲ್ಲವನಿಗೆ ಸಭೆಯಲ್ಲಿ ಸ್ಥಾನವಿಲ್ಲ, ಸಭೆಯಲ್ಲಿದ್ದವನಿಗೆ ತೂಬಿನ ಅರಿವಿಲ್ಲ ಎಂಬ ಈ ಬಿರುಕೇ ಮುಂದಿನ ನಷ್ಟಗಳ ಮೂಲವೆನ್ನಬೇಕು.

1983ರ ಕಾಯಿದೆಯಂತೆ 1987ರಲ್ಲಿ ನಡೆದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆಗಳು ಆ ಬಿರುಕನ್ನು ಕಿರಿದು ಮಾಡಿದವು. ನಾಲ್ಕನೆಯ ಒಂದು ಪಾಲು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಮೀಸಲಾತಿ ದೊರೆಯಿತು. ಹಿಂದೆ ಕಟ್ಟೆಯ ಕೆಳಗೆ ನಿಂತವರು ಊರಿನ ಆಡಳಿತದಲ್ಲಿ ಕುಳಿತದ್ದು ಈ ಸೀಮೆಯ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಅಷ್ಟರಲ್ಲಿ ಕೊಳವೆಬಾವಿ ಹಬ್ಬುತ್ತಿತ್ತು; ತನ್ನ ಜಮೀನಿನಲ್ಲೇ ನೀರು ಸಿಕ್ಕವನಿಗೆ ಸರದಿ ಕಾಯುವ ಅಗತ್ಯವಿರಲಿಲ್ಲ, ಅಚ್ಚುಕಟ್ಟಿನ ಕೂಟವೂ ಸಡಿಲಗೊಂಡಿತು.

ಇತ್ತೀಚಿನವರೆಗೆ ತರೀಕೆರೆ ತಾಲ್ಲೂಕಿನ ಭಾಗವಾಗಿದ್ದ ಅಜ್ಜಂಪುರದ ಹತ್ತಿರ, ಭದ್ರಾ ಮೇಲ್ದಂಡೆ ಯೋಜನೆಯ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗ ಈಗ ಭದ್ರೆಯ ನೀರನ್ನು ವೇದಾವತಿಯ ಕಣಿವೆಗೆ ದಾಟಿಸುತ್ತದೆ. ನಾಲ್ಕು ಜಿಲ್ಲೆಗಳ 367 ಕೆರೆಗಳನ್ನು ತುಂಬಿಸುವುದೂ ಆ ಯೋಜನೆಯ ಒಂದು ಉದ್ದೇಶ. ಆ ನೀರು ಕೆರೆಗೆ ಬಂದು ನಿಂತ ಮೇಲೆ ತೂಬನ್ನು ಯಾವ ದಿನ, ಯಾರ ಗದ್ದೆಗೆ, ಎಷ್ಟು ಎತ್ತರಕ್ಕೆ ತೆರೆಯಬೇಕೆಂಬ ತೀರ್ಮಾನ ಊರಿನವರಿಗೇ ಉಳಿಯುತ್ತದೆ.