ಗಳಿಕೆಯ ಶುದ್ಧಿ: ಕಲ್ಯಾಣದ ಶರಣರು ಕಂಡ ವ್ಯಾಪಾರದ ನೀತಿ

ದಾನವನ್ನು ಕೊಂಡಾಡುವ ಪದ್ಧತಿ ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ಈ ನಾಡಿನಲ್ಲಿ ದೊರೆತಿರುವ ಸಹಸ್ರಾರು ಶಿಲಾಶಾಸನಗಳಲ್ಲಿ ದಾನಶಾಸನಗಳ ಸಂಖ್ಯೆ ದೊಡ್ಡದು. ಕೆರೆಗೆ ಕೊಟ್ಟ ಗದ್ದೆ, ಗುಡಿಗೆ ಬಿಟ್ಟ ತೋಟ, ನಂದಾದೀವಿಗೆಗೆ ಗಾಣದವರು ಅಳೆದ ಎಣ್ಣೆ, ಇವೆಲ್ಲವನ್ನೂ ಕಲ್ಲು ನೆನಪಿಟ್ಟುಕೊಂಡಿದೆ. ಕೊಟ್ಟವನಾರು, ಕೊಟ್ಟದ್ದೇನು, ಯಾರ ಕಾಲು ತೊಳೆದು ಕೊಟ್ಟನು ಎಂಬುದನ್ನು ಶಾಸನ ಹೇಳುತ್ತದೆ. ಆದರೆ ಕೊಟ್ಟ ಆ ಧನ ಅವನ ಕೈಗೆ ಬಂದ ಬಗೆ ಹೇಗೆ ಎಂಬ ಪ್ರಶ್ನೆಯನ್ನು ಶಾಸನ ಸಾಮಾನ್ಯವಾಗಿ ಕೇಳುವುದಿಲ್ಲ. ಆ ಪ್ರಶ್ನೆಯನ್ನು ನಿಷ್ಠುರವಾಗಿ ಕೇಳಿದವರು ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು. ಸಮಾಜದಲ್ಲಿಯೂ ವ್ಯಾಪಾರದಲ್ಲಿಯೂ ಮೌಲ್ಯಗಳ ಸ್ಥಾನವೇನು ಎಂಬ ವಿಚಾರಕ್ಕೆ ಅವರು ನೀಡಿದ ಮುಖ್ಯ ಕಾಣಿಕೆ ಈ ಪ್ರಶ್ನೆಯೇ ಆಗಿದೆ.

ವ್ಯಾಪಾರವೂ ಧರ್ಮವೂ

ಶರಣರ ಕಾಲಕ್ಕೆ ಕನ್ನಡ ನಾಡು ವ್ಯಾಪಾರದಲ್ಲಿ ಹಿಂದುಳಿದ ನಾಡಾಗಿರಲಿಲ್ಲ. ಅಯ್ಯಾವೊಳೆ, ಎಂದರೆ ಇಂದಿನ ಐಹೊಳೆಯ ಹೆಸರನ್ನು ಹೊತ್ತ ಐನೂರ್ವರೆಂಬ ವಣಿಕ ಸಂಘವು ದಕ್ಷಿಣ ಭಾರತದಾದ್ಯಂತ ಹರಡಿಕೊಂಡಿತ್ತು. ಈ ಸಂಘದ ಹೆಸರುಳ್ಳ 1088ರ ತಮಿಳು ಶಾಸನವೊಂದು ಸಮುದ್ರದಾಚೆಯ ಸುಮಾತ್ರದ ಬಾರೂಸಿನಲ್ಲಿ ದೊರೆತಿದೆ. ಈ ವರ್ತಕರು ತಮ್ಮ ವೃತ್ತಿಯ ಕಟ್ಟುಪಾಡುಗಳನ್ನು ವೀರಬಣಂಜು ಧರ್ಮವೆಂದು ಕರೆದುಕೊಂಡರು. ವೃಷಭಧ್ವಜ ಅವರ ಲಾಂಛನವಾಗಿತ್ತು. ವ್ಯಾಪಾರಕ್ಕೂ ಒಂದು ಧರ್ಮವುಂಟೆಂಬ ಅರಿವು ಆ ಹೆಸರಿನಲ್ಲಿಯೇ ಅಡಗಿದೆ. ಎತ್ತಿನ ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ಎಲೆ ಅಡಕೆಗೆ ಇಷ್ಟು ಎಂದು ತಮ್ಮ ಸರಕಿನ ಮೇಲೆ ತಾವೇ ತೆರಿಗೆಯನ್ನು ವಿಧಿಸಿಕೊಂಡು ದೇವಾಲಯಗಳಿಗೂ ಮಠಗಳಿಗೂ ಅವರು ಬಿಟ್ಟುಕೊಟ್ಟುದಕ್ಕೆ ಶಾಸನಗಳ ಸಾಕ್ಷಿಯಿದೆ.

ಅಲ್ಲಮಪ್ರಭುಗಳ ಊರಾದ ಬಳ್ಳಿಗಾವೆಯು ಅಂದಿನ ದೊಡ್ಡ ವ್ಯಾಪಾರ ಕೇಂದ್ರಗಳಲ್ಲಿ ಒಂದು. ಅಲ್ಲಿನ ಕಾಳಾಮುಖರ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನವು ಪ್ರಸಿದ್ಧವಾಗಿದೆ. ನಾನಾ ಶಾಸ್ತ್ರಗಳ ಅಧ್ಯಯನ ನಡೆಯುವ ಸ್ಥಳವದು. ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ದೊರೆಯುವ ಸ್ಥಳವದು. ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಳವದು ಎಂದು ಆ ಶಾಸನ ವಿವರಿಸುತ್ತದೆ. ಕಲಚುರಿ ಬಿಜ್ಜಳನ ಆಳಿಕೆಯ, ಬಸವಣ್ಣನವರ ಜೀವಿತದ ಕಾಲವಿದು. ಆದುದರಿಂದ ಶರಣರು ಬರುವ ಮೊದಲು ನಾಡಿನಲ್ಲಿ ಔದಾರ್ಯವೇ ಇರಲಿಲ್ಲವೆಂದು ಹೇಳುವುದು ಇತಿಹಾಸಕ್ಕೆ ಸಲ್ಲದು. ಔದಾರ್ಯವಿತ್ತು, ಅನ್ನಸತ್ರವಿತ್ತು, ವಿದ್ಯಾದಾನವಿತ್ತು. ಹಾಗಾದರೆ ಶರಣರು ಹೊಸದಾಗಿ ಹೇಳಿದುದೇನು?

ಮೊದಲು ಕಾಯಕ, ಅನಂತರ ದಾಸೋಹ

ಶರಣರು ಕಾಯಕ ಮತ್ತು ದಾಸೋಹಗಳನ್ನು ಬಿಡಿಬಿಡಿಯಾಗಿ ನೋಡಲಿಲ್ಲ. ದಾಸೋಹವು ಕಾಯಕದಿಂದ ಹುಟ್ಟಬೇಕು, ಕಾಯಕವು ಸತ್ಯಶುದ್ಧವಾಗಿರಬೇಕು. ಅಶುದ್ಧವಾದ ಗಳಿಕೆಯಿಂದ ನಡೆದ ದಾಸೋಹ ಎಷ್ಟೇ ದೊಡ್ಡದಾಗಿದ್ದರೂ ಅದು ಲಿಂಗಕ್ಕೆ ಸಲ್ಲದು. ಅಂಬಿಗರು, ಮಡಿವಾಳರು, ವೈದ್ಯರು, ಸುಂಕದವರು, ಹೀಗೆ ಬಗೆಬಗೆಯ ವೃತ್ತಿಯವರು ವಚನಕಾರರಾಗಿದ್ದರು. ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ವರ್ತಕ ಆದಯ್ಯನವರೂ ಶರಣರ ಸಾಲಿನಲ್ಲಿ ಸೇರಿದ್ದಾರೆ. ಇಂತಹ ವೃತ್ತಿವಂತರಿಗೆ ನೀತಿಯು ಪುಸ್ತಕದ ವಿಷಯವಾಗಿರದೆ, ದಿನದಿನದ ಅಳತೆ, ತೂಕ, ಕೂಲಿ, ಬೆಲೆಗಳ ವಿಷಯವಾಗಿತ್ತು.

ಮೆದೆ ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನವರು ಈ ವಿಚಾರದಲ್ಲಿ ಅತ್ಯಂತ ಕಠೋರರು. ಅನ್ಯರನ್ನು ನೋಯಿಸಿ, ಕಾಡಿ ಬೇಡಿ ತಂದ ಹಣದಿಂದ ಜಂಗಮಸೇವೆ ಮಾಡುವುದು ಬರಿಯ ತೊಡಕೇ ಹೊರತು ಅದು ಲಿಂಗಾರ್ಪಿತವಾಗದೆಂಬುದು ಅವರ ವಚನವೊಂದರ ತಾತ್ಪರ್ಯ. ಬೀದಿಯ ಕಸ ಗುಡಿಸುವುದನ್ನು ಕಾಯಕವಾಗಿ ಕೈಗೊಂಡ ಶರಣೆ ಸತ್ಯಕ್ಕನವರು ಲಂಚಕ್ಕೆ ಕೈಯೊಡ್ಡುವುದಿಲ್ಲವೆಂದೂ, ದಾರಿಯಲ್ಲಿ ಬಿದ್ದ ಹೊನ್ನು ವಸ್ತ್ರಗಳನ್ನು ಮುಟ್ಟುವುದಿಲ್ಲವೆಂದೂ ಪ್ರತಿಜ್ಞೆ ಮಾಡಿದವರು. ದಾರಿಯ ಕಸ ಎತ್ತುವ ಕೈಗೆ ದಾರಿಯ ಹೊನ್ನು ಸಿಗುವುದು ಸುಲಭ. ಸಿಕ್ಕುದನ್ನು ಎತ್ತಿಕೊಂಡರೆ ನೋಡುವವರಾರೂ ಇಲ್ಲ. ಯಾರೂ ನೋಡದ ಆ ಗಳಿಗೆಯಲ್ಲಿ ಕೈ ತಡೆಯುವುದೇ ನೀತಿ ಎಂಬುದನ್ನು ಸತ್ಯಕ್ಕನವರ ಪ್ರತಿಜ್ಞೆ ಸಾರುತ್ತದೆ.

ಅಕ್ಕಿಯ ಕಾಳಿನ ಲೆಕ್ಕ

ಈ ವಿಚಾರವು ಪೂರ್ಣರೂಪದಲ್ಲಿ ಕಾಣುವುದು ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿಗಳ ಪ್ರಸಂಗದಲ್ಲಿ. ಇವರು ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಡಿಗೆ ಮಾಡಿ ಜಂಗಮರಿಗೆ ಉಣಬಡಿಸುವುದು ದಂಪತಿಗಳ ದಾಸೋಹ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹರ್ಷಪಡಲಿಲ್ಲ. ಅಗತ್ಯಕ್ಕೆ ಮೀರಿದ ಅಕ್ಕಿ ಆ ಮನೆಗೆ ಬೇಡವೆಂದೂ, ಆಯ್ದು ತಂದಲ್ಲಿಯೇ ಅದನ್ನು ಸುರಿದು ಬರಬೇಕೆಂದೂ ಪತಿಗೆ ತಿಳಿಸಿದರು.

ಶೂನ್ಯಸಂಪಾದನೆಯ ಪರಂಪರೆ ಕಾಪಾಡಿಕೊಂಡು ಬಂದ ಈ ಪ್ರಸಂಗವನ್ನು ಶಾಸನದಂತೆ ಐತಿಹಾಸಿಕ ದಾಖಲೆಯೆಂದು ಓದಬೇಕಾಗಿಲ್ಲ. ಒಂದು ಸಮುದಾಯವು ಯಾವ ಮೌಲ್ಯವನ್ನು ಶತಮಾನಗಳವರೆಗೆ ನೆನಪಿಟ್ಟುಕೊಳ್ಳಲು ಬಯಸಿತು ಎಂಬುದಕ್ಕೆ ಅದು ದಾಖಲೆ. ಪ್ರಸಂಗದ ಸೂಕ್ಷ್ಮವನ್ನು ಸದ್ಭಕ್ತರು ಗಮನಿಸಬೇಕು. ಮಾರಯ್ಯನವರು ಕದ್ದಿರಲಿಲ್ಲ. ಯಾರನ್ನೂ ವಂಚಿಸಿರಲಿಲ್ಲ. ಆ ಅಕ್ಕಿಯಿಂದ ಮಹಾಮನೆಗೆ ನಷ್ಟವೂ ಇರಲಿಲ್ಲ. ಮೇಲಾಗಿ ಅದು ಸ್ವಂತದ ಭೋಗಕ್ಕಾಗಿ ತಂದುದಲ್ಲ, ದಾಸೋಹಕ್ಕಾಗಿ ತಂದುದು. ಉದ್ದೇಶ ಒಳ್ಳೆಯದಾದರೆ ಗಳಿಕೆಯ ಬಗೆಯನ್ನು ಕೇಳಬೇಕಾಗಿಲ್ಲ ಎಂಬ ಮಾತಿಗೆ ಇದಕ್ಕಿಂತ ಉತ್ತಮವಾದ ಸಂದರ್ಭ ದೊರೆಯಲಾರದು. ಲಕ್ಕಮ್ಮ ತಾಯಿಯವರು ಆ ಮಾತನ್ನೇ ಒಪ್ಪಲಿಲ್ಲ. ಸತ್ಕಾರ್ಯದ ಹೆಸರಿನಲ್ಲಿ ಒಳಗೆ ಬರುವ ಆಸೆಯೂ ಆಸೆಯೇ ಎಂಬುದನ್ನು ಅವರು ಕಂಡರು.

ಭಂಡಾರದ ಕೀಲಿ

ಬಡ ದಂಪತಿಗಳಿಗೆ ಸಲ್ಲುವ ನೀತಿ ಅಧಿಕಾರದಲ್ಲಿರುವವರಿಗೂ ಸಲ್ಲಬೇಕಲ್ಲವೇ? ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಮಹಾಮನೆಯ ದಾಸೋಹಕ್ಕೆ ಅರಮನೆಯ ಹಣ ವ್ಯಯವಾಗುತ್ತಿದೆ ಎಂದು ಕೊಂಡೆಯರು ದೊರೆಯ ಕಿವಿಗೆ ಹಾಕಿದರೆಂದೂ, ಭಂಡಾರವನ್ನು ಎಣಿಸಿದಾಗ ಲೆಕ್ಕದಲ್ಲಿ ಕೊರತೆ ಕಾಣಲಿಲ್ಲವೆಂದೂ ಬಸವಣ್ಣನವರ ಚರಿತ್ರೆಯನ್ನು ಹೇಳುವ ಪುರಾಣಗಳು ವರ್ಣಿಸುತ್ತವೆ. ಪುರಾಣಗಳಲ್ಲಿ ಇದಕ್ಕೆ ಪವಾಡದ ಲೇಪವಿದೆ. ಪವಾಡವನ್ನು ಬದಿಗಿಟ್ಟು ನೋಡಿದರೂ ಒಂದು ಸಂಗತಿ ಉಳಿಯುತ್ತದೆ. ಭಕ್ತರು ತಮ್ಮ ಗುರುವಿನ ಕಥೆಯನ್ನು ಹೇಳುವಾಗ, ಅವರು ಮಹಾದಾಸೋಹಿಗಳಾಗಿದ್ದರು ಎಂಬಲ್ಲಿಗೆ ನಿಲ್ಲಲಿಲ್ಲ. ಅವರ ಲೆಕ್ಕ ಸರಿಯಾಗಿತ್ತು ಎಂಬುದನ್ನೂ ಹೇಳಲೇಬೇಕಾಯಿತು. ದಾಸೋಹದ ಹಿರಿಮೆ ಲೆಕ್ಕದ ಪರೀಕ್ಷೆಯಿಂದ ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ನಂಬಿಕೆಯೇ ಬಂಡವಾಳ

ಕಲ್ಯಾಣದ ಈ ಪ್ರಶ್ನೆ ಆಧುನಿಕ ಕಾಲದಲ್ಲಿ ಬೇರೊಂದು ರೂಪದಲ್ಲಿ ಕನ್ನಡ ನಾಡಿನಲ್ಲಿ ಮರುಹುಟ್ಟು ಪಡೆಯಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದ ಮರುವರ್ಷವೇ, ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಭಾರತದ ಸಹಕಾರಿ ಚಳವಳಿಯ ಇತಿಹಾಸದಲ್ಲಿ ಅದಕ್ಕೆ ಮೊದಲ ಸಂಘವೆಂಬ ಗೌರವವಿದೆ. ಅಂದಿನ ಕಾಯಿದೆಯ ಪ್ರಕಾರ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನು ಸಾಲ ತೀರಿಸದಿದ್ದರೆ ಉಳಿದವರ ಹೊಲಮನೆಗಳೂ ಆ ಸಾಲಕ್ಕೆ ಹೊಣೆಯಾಗುತ್ತಿದ್ದವು. ಇಂತಹ ಸಂಘದಲ್ಲಿ ನೆರೆಯವನ ಪ್ರಾಮಾಣಿಕತೆಯು ಅವನೊಬ್ಬನ ಗುಣವಾಗಿ ಉಳಿಯದೆ, ಇಡೀ ಊರಿನ ಬಂಡವಾಳವಾಗಿತ್ತು.

ವಚನಗಳ ಸಂಗ್ರಹ ಮತ್ತು ಸಹಕಾರಿ ಬ್ಯಾಂಕು ಒಬ್ಬರೇ ಮಹನೀಯರ ಜೀವನದಲ್ಲಿ ಒಂದಾದುದು ಗಮನಾರ್ಹ. ವಚನ ಪಿತಾಮಹರೆಂದು ಖ್ಯಾತರಾದ ಡಾ. ಫ. ಗು. ಹಳಕಟ್ಟಿಯವರು (1880–1964) ವೃತ್ತಿಯಿಂದ ವಕೀಲರು. 1912ರಲ್ಲಿ ಅವರು ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಅನಂತರ ಹಿತಚಿಂತಕ ಮುದ್ರಣಾಲಯವನ್ನೂ ‘ಶಿವಾನುಭವ’ ಪತ್ರಿಕೆಯನ್ನೂ ನಡೆಸಿದರು. ತಾಳೆಗರಿಯ ಕಟ್ಟುಗಳಲ್ಲಿ ಕಾಯಕದ ಮಾತನ್ನು ಹುಡುಕಿದ ಅದೇ ವ್ಯಕ್ತಿ, ರೈತರೂ ಸಣ್ಣ ವ್ಯಾಪಾರಸ್ಥರೂ ನಂಬಿ ಹಣವಿಡುವಂತಹ ಸಂಸ್ಥೆಯನ್ನೂ ಕಟ್ಟಿದರು. ವಚನದ ಓದು ಮತ್ತು ಕಿರ್ದಿ ಖಾತೆಯ ಶುದ್ಧಿ ಅವರ ಪಾಲಿಗೆ ಎರಡು ಲೋಕಗಳಾಗಿರಲಿಲ್ಲ.

ದಾನವೂ ಸುಳ್ಳು ಲೆಕ್ಕವೂ

ಗಳಿಕೆಯ ಪ್ರಶ್ನೆಯನ್ನು ಬಿಟ್ಟು ದಾನವನ್ನು ಮಾತ್ರ ಹೊಗಳಿದರೆ ಆಗುವುದೇನು ಎಂಬುದಕ್ಕೆ ಇತ್ತೀಚಿನ ಇತಿಹಾಸದಲ್ಲಿಯೇ ನಿದರ್ಶನವುಂಟು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯು ಉತ್ತಮ ಆಡಳಿತಕ್ಕಾಗಿ 2008ರಲ್ಲಿ ಪ್ರಶಸ್ತಿ ಪಡೆದಿತ್ತು. ಅದರ ಸ್ಥಾಪಕ ರಾಮಲಿಂಗ ರಾಜು ಅವರು 2005ರಲ್ಲಿ ಆರಂಭಿಸಿದ್ದ 108 ತುರ್ತು ವಾಹನ ಸೇವೆಯು ಅನೇಕ ರಾಜ್ಯಗಳಿಗೆ ಹರಡಿತ್ತು. ಕರ್ನಾಟಕದಲ್ಲಿಯೂ 2008ರಲ್ಲಿ ಆರೋಗ್ಯ ಕವಚವೆಂಬ ಹೆಸರಿನಲ್ಲಿ ಅದು ಬಂದಿತ್ತು. 2009ರ ಜನವರಿ 7ರಂದು ಅವರೇ ಆಡಳಿತ ಮಂಡಳಿಗೆ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. 2015ರಲ್ಲಿ ವಿಶೇಷ ನ್ಯಾಯಾಲಯವು ಅವರನ್ನು ದೋಷಿಯೆಂದು ತೀರ್ಮಾನಿಸಿತು. ಅದರ ಮೇಲೆ ಮೇಲ್ಮನವಿ ಸಲ್ಲಿಕೆಯಾಗಿ ಶಿಕ್ಷೆ ಅಮಾನತಿನಲ್ಲಿಡಲ್ಪಟ್ಟಿತು.

108 ವಾಹನವು ಎಷ್ಟೋ ಜೀವಗಳನ್ನು ಉಳಿಸಿದುದು ಸತ್ಯ. ಸುಳ್ಳು ಲೆಕ್ಕದಿಂದ ಷೇರುದಾರರು ಹಣ ಕಳೆದುಕೊಂಡುದೂ, ಸಾವಿರಾರು ನೌಕರರು ನಾಳೆಯೇನೆಂಬ ಭಯದಲ್ಲಿ ದಿನ ಕಳೆದುದೂ ಅಷ್ಟೇ ಸತ್ಯ. ಒಂದು ಇನ್ನೊಂದನ್ನು ಅಳಿಸಲಾರದು. ಪ್ರಶಸ್ತಿ, ಸೇವಾಕಾರ್ಯ, ಸಂಸ್ಥೆಯ ಹೆಸರು, ಇವು ಯಾವುವೂ ಶಿಲ್ಕಿನ ಪುಸ್ತಕಕ್ಕೆ ಬದಲಾಗಿ ನಿಲ್ಲಲಿಲ್ಲ.

ಕಂಪನಿಗಳ ಕಾಯಿದೆ 2013ರ ಪ್ರಕಾರ, ನಿಗದಿತ ಪ್ರಮಾಣವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವಿನಿಯೋಗಿಸಬೇಕು. ಇದರಿಂದ ಶಾಲೆಗಳಿಗೂ ಆಸ್ಪತ್ರೆಗಳಿಗೂ ನೆರವು ಸಂದಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಈ ನಿಯಮ ಕೇಳುವುದು ಆ 2 ಭಾಗದ ಲೆಕ್ಕವನ್ನು. ಉಳಿದ 98 ಭಾಗ ಬಂದ ಬಗೆ ಯಾವುದು, ಕೂಲಿಯವನಿಗೆ ಸಲ್ಲಬೇಕಾದುದು ಸಂದಿತೇ, ತೂಕ ಸರಿಯಾಗಿತ್ತೇ, ಹೊಳೆಯ ನೀರು ಕೆಟ್ಟಿತೇ ಎಂಬುದು ಲಕ್ಕಮ್ಮನವರ ಪ್ರಶ್ನೆ. ಇವುಗಳಲ್ಲಿ ಕೆಲವನ್ನು ಬೇರೆ ಬೇರೆ ಕಾನೂನುಗಳು ಕೇಳುತ್ತವೆ. ಕಾನೂನಿನ ಕಣ್ಣು ತಲುಪದ ಕಡೆಯಲ್ಲಿ ಕೇಳಬೇಕಾದುದು ಅವರವರ ಅಂತರಂಗವೇ.

ಕೊಡುವವರು, ಕೊಳ್ಳುವವರು

ಶರಣರ ಈ ವಿಚಾರವು ಇತರರನ್ನು ತೂಗುವ ತಕ್ಕಡಿಯಾಗಬಾರದು. ಹುಂಡಿಗೆ ಹಣ ಹಾಕುವ ಭಕ್ತನೂ, ದಾಸೋಹಕ್ಕೆ ಅಕ್ಕಿಯ ಮೂಟೆ ಕಳುಹಿಸುವ ವರ್ತಕನೂ, ಕಟ್ಟಡಕ್ಕೆ ದೊಡ್ಡ ದೇಣಿಗೆ ಕೊಡುವ ಧನಿಕನೂ ಮೊದಲು ತನ್ನ ಗಳಿಕೆಯನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಅಷ್ಟೇ ಹೊಣೆ ದೇಣಿಗೆಯನ್ನು ಸ್ವೀಕರಿಸುವ ಮಠಮಾನ್ಯಗಳ ಮೇಲೆಯೂ ಇದೆ. ಮೊತ್ತ ದೊಡ್ಡದೆಂಬ ಕಾರಣಕ್ಕೆ ಶಾಲು ಹೊದಿಸುವ ಪೀಠವು, ಹೆಚ್ಚಿನ ಅಕ್ಕಿಯನ್ನು ಒಲ್ಲೆನೆಂದ ಲಕ್ಕಮ್ಮನವರನ್ನು ವೇದಿಕೆಯಲ್ಲಿ ಹೊಗಳಿ ಮನಸ್ಸಿನಲ್ಲಿ ಮರೆತಂತಾಗುತ್ತದೆ. ಮಾರಯ್ಯನವರು ಅಕ್ಕಿಯನ್ನು ತಂದುದು ಜಂಗಮರಿಗಾಗಿಯೇ ಆದುದರಿಂದ, ಆ ಪ್ರಸಂಗದಲ್ಲಿ ಜಂಗಮರಿಗೂ ಒಂದು ಪಾಠವಿದೆ.

2024ರಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಆ ಘೋಷಣೆಯ ಸಾರ್ಥಕತೆ ಕಚೇರಿಯ ಗೋಡೆಗೆ ತೂಗುಹಾಕಿದ ಭಾವಚಿತ್ರದಲ್ಲಿ ಮುಗಿಯಬಾರದು. ಆ ಚಿತ್ರದ ಕೆಳಗೆ ಕುಳಿತು ಸಹಿ ಮಾಡುವ ಕೈಯೂ, ಅಂಗಡಿಯಲ್ಲಿ ತಕ್ಕಡಿ ಹಿಡಿದ ಕೈಯೂ, ಪ್ರಸಾದಕ್ಕೆ ಚಾಚಿದ ಕೈಯೂ ಶುದ್ಧವಾಗಿರಬೇಕು. ದಿನದ ವಹಿವಾಟು ಮುಗಿಸಿ ಲೆಕ್ಕ ಬರೆಯುವ ಹೊತ್ತಿನಲ್ಲಿ, ಇದರಲ್ಲಿ ಹಿಂದಿರುಗಿ ಸುರಿದು ಬರಬೇಕಾದ ಅಕ್ಕಿ ಎಷ್ಟಿದೆ ಎಂದು ಒಮ್ಮೆ ಕೇಳಿಕೊಳ್ಳುವುದೇ ಆಯ್ದಕ್ಕಿ ದಂಪತಿಗಳಿಗೆ ಸಲ್ಲಿಸುವ ನಿಜವಾದ ಶರಣಾರ್ಥಿ.