ಮುಖದ ಕಲೆ: ಸಿಡುಬಿನಿಂದ ಮೊಡವೆಯವರೆಗೆ

ಊರಿನಿಂದ ನೆಂಟರು ಬಂದಾಗ ನಾವು ದೆಹಲಿಯಲ್ಲಿ ತಪ್ಪದೆ ತೋರಿಸುವ ಸ್ಥಳಗಳಲ್ಲಿ ಬಂಗ್ಲಾ ಸಾಹಿಬ್ ಗುರುದ್ವಾರವೂ ಒಂದು. ಸರೋವರದ ನೀರನ್ನು ಕಣ್ಣಿಗೊತ್ತಿಕೊಂಡು, ಲಂಗರಿನಲ್ಲಿ ಊಟ ಮುಗಿಸಿ ಬರುತ್ತೇವೆ. ಆದರೆ ಈ ಸ್ಥಳದ ಮಹಿಮೆ ಸಿಡುಬಿನ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆಯೆಂಬುದು ಅನೇಕರಿಗೆ ತಿಳಿದಿರಲಾರದು. 1664ರಲ್ಲಿ ಸಿಖ್ಖರ ಎಂಟನೆಯ ಗುರುಗಳಾದ ಹರಕ್ರಿಷನ್ ಅವರು ರಾಜಾ ಜೈಸಿಂಗನ ಬಂಗಲೆಯಾಗಿದ್ದ ಈ ಜಾಗದಲ್ಲಿ ತಂಗಿದ್ದರು. ಊರಿನಲ್ಲಿ ಹಬ್ಬಿದ್ದ ಬೇನೆಗೆ ಸಿಕ್ಕವರನ್ನು ಇಲ್ಲಿಯ ಬಾವಿಯ ನೀರು ಕೊಟ್ಟು ಉಪಚರಿಸಿದರೆಂದು ಸಿಖ್ ಪರಂಪರೆ ಹೇಳುತ್ತದೆ. ಕೊನೆಗೆ ಆ ಬಾಲಗುರುಗಳೇ ಸಿಡುಬಿಗೆ ತುತ್ತಾದರು.

ಗುರುಗ್ರಾಮದಲ್ಲಿರುವ ನಮ್ಮವರಿಗೆ ಶೀತಲಾ ಮಾತೆಯ ಗುಡಿ ಪರಿಚಿತವೇ. ಸಿಡುಬಿನ ಅಧಿದೇವತೆಯಾದ ಈ ತಾಯಿಗೆ ಚೈತ್ರದಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ. ಶೀತಲಾಷ್ಟಮಿಯ ದಿನ ಉತ್ತರ ಭಾರತದ ಅನೇಕ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಹಿಂದಿನ ದಿನ ಮಾಡಿಟ್ಟ ತಂಗಳನ್ನೇ ಉಣ್ಣುತ್ತಾರೆ. ಇದನ್ನು ಕಂಡಾಗ ನಮಗೆ ನಮ್ಮೂರಿನ ಮಾರಮ್ಮನ ನೆನಪಾಗದಿರದು. ನಮ್ಮಲ್ಲಿಯೂ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ವೈದ್ಯದ ದೃಷ್ಟಿಯಿಂದ ಇದರಿಂದ ರೋಗ ಗುಣವಾಗುತ್ತಿರಲಿಲ್ಲ, ನಿಜ. ಆದರೂ ಮುಖದ ತುಂಬ ಕುಳಿ ಬಿದ್ದು ಬದುಕುಳಿದ ಮಗುವಿಗೆ ‘ನೀನೇ ತಂದುಕೊಂಡೆ’ ಎಂದು ಯಾರೂ ಹೇಳುತ್ತಿರಲಿಲ್ಲ.

ಇಂದು ನಮ್ಮ ಮನೆಗಳ ಹದಿಹರೆಯದವರು ಕನ್ನಡಿಯ ಮುಂದೆ ನಿಂತು ನೊಂದುಕೊಳ್ಳುವುದು ಸಿಡುಬಿನಿಂದಲ್ಲ, ಮೊಡವೆಯಿಂದ. ಅವರಿಗೆ ಸಿಗುವ ಮಾತಾದರೂ ಎಂಥದು? ‘ಕರಿದದ್ದು ತಿಂದೆ’, ‘ಮುಖ ತೊಳೆಯಲಿಲ್ಲ’, ‘ಕೈಯಿಟ್ಟು ಚಿವುಟಿದೆ’. ಈ ಎರಡು ಕಲೆಗಳ ಚರಿತ್ರೆಯನ್ನು ಒಟ್ಟಿಗೆ ನೋಡಿದರೆ ನಮ್ಮ ಮಾತು ಸ್ವಲ್ಪ ಮೃದುವಾದೀತು.

ಮೊದಲು ಮೈಸೂರಿನ ಒಂದು ಚಿತ್ರವನ್ನು ನೋಡೋಣ. ಜೆನ್ನರ್ ಇಂಗ್ಲೆಂಡಿನಲ್ಲಿ ಗೋಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ್ದು 1796ರಲ್ಲಿ. ಅದು ಮುಂಬಯಿ ತಲುಪಿದ್ದು 1802ರಲ್ಲಿ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಮೂವರು ಹೆಂಗಸರ ತೈಲಚಿತ್ರವೊಂದನ್ನು ಬರೆದ. ಇವರು ನರ್ತಕಿಯರಿರಬೇಕೆಂದು ಬಹುಕಾಲ ನಂಬಲಾಗಿತ್ತು. ಇವರು ಮೈಸೂರು ಅರಮನೆಯ ರಾಣಿಯರೆಂದೂ, ಬಲಗಡೆಯಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಆಕೆ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಜನಕ್ಕೆ ಕಾಣಿಸಲು ಎಂಬುದು ಅವರ ವಿವರಣೆ. ಎಡಗಡೆಯ ರಾಣಿಯ ಮೂಗು, ಬಾಯಿಗಳ ಸುತ್ತಲಿನ ಬಣ್ಣಗೆಟ್ಟ ಚರ್ಮವನ್ನು ಅವರು ಹಳೆಯ ಪದ್ಧತಿಯ ಗುರುತೆಂದು ಓದುತ್ತಾರೆ. ಸಿಡುಬಿನ ಹೊಪ್ಪಳೆಯನ್ನು ಪುಡಿಮಾಡಿ ಮೂಗಿಗೆ ಊದುವುದು ಆ ಪದ್ಧತಿ. ಈ ವಿವರಣೆಯನ್ನು ಒಪ್ಪುವುದಾದರೆ, ಕಲೆಯನ್ನು ಮುಚ್ಚಿಡದೆ ಧೈರ್ಯವಾಗಿ ತೋರಿಸಿದ ಕನ್ನಡ ನಾಡಿನ ಹೆಣ್ಣುಮಕ್ಕಳು ಇವರು.

ಸಿಡುಬು ಮುಖವನ್ನೇ ಏಕೆ ಹೆಚ್ಚಾಗಿ ಕೆಡಿಸುತ್ತಿತ್ತು? ನಮ್ಮ ಚರ್ಮದಲ್ಲಿ ಕೂದಲ ಬುಡಕ್ಕೆ ಹೊಂದಿಕೊಂಡು ಜಿಡ್ಡನ್ನು ಸ್ರವಿಸುವ ಸಣ್ಣ ಗ್ರಂಥಿಗಳಿವೆ; ಇವು ಮುಖದಲ್ಲಿ ದಟ್ಟವಾಗಿವೆ. ಸಿಡುಬಿನ ವೈರಾಣು ಈ ಗ್ರಂಥಿಗಳನ್ನು ಹಾಳುಗೆಡವುತ್ತಿತ್ತು. ಹಾಳಾದ ಜಾಗ ಕುಗ್ಗಿ, ಗಟ್ಟಿ ನಾರಾಗಿ, ಮೇಲ್ಮೈ ಕುಳಿಬೀಳುತ್ತಿತ್ತು. ಮೊಡವೆ ಹುಟ್ಟುವುದೂ ಇದೇ ಗ್ರಂಥಿಗಳಲ್ಲಿ. ಯೌವನದ ಹಾರ್ಮೋನುಗಳಿಂದ ಜಿಡ್ಡು ಹೆಚ್ಚುತ್ತದೆ, ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಉರಿಯೂತವೇಳುತ್ತದೆ. ಉರಿಯೂತ ಆಳಕ್ಕಿಳಿದರೆ ಚರ್ಮವನ್ನು ಎತ್ತಿಹಿಡಿಯುವ ಕೊಲಾಜೆನ್ ನಾಶವಾಗಿ ಕುಳಿಯುಳಿಯುತ್ತದೆ. ಕಾರಣ ಬೇರೆಯಾದರೂ ಪೆಟ್ಟು ಬೀಳುವ ಸ್ಥಳ ಒಂದೇ. ವಂಶಪಾರಂಪರ್ಯವೂ ಇದರಲ್ಲಿ ಸೇರಿರುವುದರಿಂದ, ಮಗುವನ್ನು ಗದರುವ ತಂದೆ ತನ್ನ ಹಳೆಯ ಫೋಟೋ ಒಮ್ಮೆ ನೋಡಿಕೊಳ್ಳುವುದು ಲೇಸು.

ಮೊಡವೆಯೇನೂ ಹೊಸ ಕಾಲದ ರೋಗವಲ್ಲ. ಸುಶ್ರುತಸಂಹಿತೆಯು ಕ್ಷುದ್ರರೋಗಗಳ ಪ್ರಕರಣದಲ್ಲಿ ಇದನ್ನು ‘ಮುಖದೂಷಿಕಾ’ ಎಂದು ಹೆಸರಿಸಿ, ಬೂರುಗದ ಮುಳ್ಳಿಗೆ ಹೋಲಿಸಿದೆ. ಆ ಬೂರುಗವೇ ದೆಹಲಿಯವರ ಸೇಮಲ್. ವಸಂತದಲ್ಲಿ ಕೆಂಪು ಹೂ ತಳೆದು ನಿಲ್ಲುವ ಆ ಮರದ ಕಾಂಡವನ್ನು ಹತ್ತಿರದಿಂದ ನೋಡಿದವರಿಗೆ ಹೋಲಿಕೆ ಎಷ್ಟು ಯಥಾರ್ಥವೆಂದು ತಿಳಿಯುತ್ತದೆ.

ಸಿಡುಬಿನ ಕಥೆಗೆ ಮುಕ್ತಾಯ ದೊರೆತದ್ದು ನಮ್ಮ ಹಿರಿಯರ ಕಣ್ಣೆದುರಿಗೇ. ಭಾರತ ಸರಕಾರ 1962ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣಗಳು ಪತ್ತೆಯಾದವು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು. ಈ ಕಾರ್ಯದಲ್ಲಿ ಕಲೆಯೇ ಸಾಕ್ಷಿಯಾಯಿತೆಂಬುದು ಗಮನಾರ್ಹ. ಕಾರ್ಯಕರ್ತರು ಮಕ್ಕಳ ಮುಖಗಳನ್ನು ಪರೀಕ್ಷಿಸುತ್ತಿದ್ದರು. ಇತ್ತೀಚೆಗೆ ಹುಟ್ಟಿದವರ ಮುಖದಲ್ಲಿ ಕುಳಿಗಳಿಲ್ಲದಿದ್ದರೆ ಆ ಊರಿನಿಂದ ರೋಗ ತೊಲಗಿತೆಂಬುದಕ್ಕೆ ಅದೊಂದು ಪ್ರಮಾಣ. ಆದರೆ ಈಗಾಗಲೇ ಬಿದ್ದಿದ್ದ ಕುಳಿಗಳನ್ನು ಯಾವ ಲಸಿಕೆಯೂ ತುಂಬಲಿಲ್ಲ. ಕಲೆಯಾಗದಂತೆ ತಡೆದದ್ದೇ ವೈದ್ಯದ ದೊಡ್ಡ ಗೆಲುವು.

ಮೊಡವೆಯ ಚರಿತ್ರೆ ಕಲಿಸುವುದೂ ಇದೇ ಪಾಠವನ್ನು. 1905ರಲ್ಲಿ ಜರ್ಮನಿಯ ಕ್ರೋಮಾಯರ್ ಎಂಬ ವೈದ್ಯ ತಿರುಗುವ ಯಂತ್ರದಿಂದ ಚರ್ಮವನ್ನು ಉಜ್ಜಿ ಕಲೆಯನ್ನು ಸಮಮಾಡುವ ವಿಧಾನವನ್ನು ಪ್ರಕಟಿಸಿದ. ನಮ್ಮಂಥ ಕಂದುಬಣ್ಣದ ಚರ್ಮಕ್ಕೆ ಇಂಥ ಆಳವಾದ ಉಜ್ಜುವಿಕೆಯಿಂದ ಕಪ್ಪುಕಲೆ ಕಟ್ಟುವ ಅಪಾಯ ಹೆಚ್ಚು. 1995ರಲ್ಲಿ ಅಮೆರಿಕದ ಓರೆಂಟ್ರಿಕ್ ವೈದ್ಯರು ಕುಳಿಯನ್ನು ಕೆಳಕ್ಕೆಳೆಯುವ ನಾರುಗಳನ್ನು ಸೂಜಿಯಿಂದ ಬಿಡಿಸುವ ಕ್ರಮವನ್ನು ವಿವರಿಸಿದರು. ಆಮೇಲೆ ಸಣ್ಣ ಸೂಜಿಗಳ ರೋಲರ್ ಬಂತು, ಲೇಸರ್ ಬಂತು. ಇವುಗಳಿಂದ ಕುಳಿ ತಗ್ಗುತ್ತದೆ. ಪೂರ್ತಿ ಅಳಿಸುತ್ತದೆಂಬ ಭರವಸೆಯನ್ನು ಪ್ರಾಮಾಣಿಕ ವೈದ್ಯರು ಕೊಡುವುದಿಲ್ಲ.

ತಡೆಯುವ ಮದ್ದಿನಲ್ಲಿ ದೊಡ್ಡ ಹೆಜ್ಜೆಯೆಂದರೆ ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಪಡೆದ ಐಸೊಟ್ರೆಟಿನಾಯಿನ್ ಮಾತ್ರೆ. ತೀವ್ರ ಮೊಡವೆಗೆ ಇದು ಬಲವಾದ ಮದ್ದು. ಬಸುರಿನಲ್ಲಿ ಸೇವಿಸಿದರೆ ಮಗುವಿಗೆ ಘೋರ ಹಾನಿ. ಆದ್ದರಿಂದ ವೈದ್ಯರ ನಿಗಾ ಇಲ್ಲದೆ ಇದನ್ನು ಮುಟ್ಟಬಾರದು. ಇದಕ್ಕೆ ವಿರುದ್ಧವಾದ ಕಥೆ ಅಂಗಡಿಯ ಸ್ಟೀರಾಯ್ಡ್ ಕ್ರೀಮುಗಳದು. ನಾಲ್ಕು ದಿನ ಮುಖ ಬೆಳಗಿದಂತೆ ಕಂಡರೂ ಕ್ರಮೇಣ ಚರ್ಮ ತೆಳುವಾಗುತ್ತದೆ, ಮೊಡವೆ ಉಕ್ಕುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಮಾಡಿತು.

ಇನ್ನು ಮಾಯುವ ಕಾಲದ ಮಾತು. ಮೊಡವೆ ಒಣಗಿದ ಮೇಲೆ ಉಳಿಯುವ ಕೆಂಪು, ಕಪ್ಪು ಗುರುತುಗಳೆಲ್ಲ ಶಾಶ್ವತವಲ್ಲ. ಹಲವು ತಿಂಗಳಲ್ಲಿ ಮಸುಕಾಗುತ್ತವೆ. ದೆಹಲಿಯ ಮೇ–ಜೂನ್ ಬಿಸಿಲು ಅವನ್ನು ಇನ್ನಷ್ಟು ಕಪ್ಪಾಗಿಸುವುದರಿಂದ ಟೋಪಿ, ಕೊಡೆ, ಸನ್‌ಸ್ಕ್ರೀನ್ ಅಗತ್ಯ. ಕುಳಿಗಳಾದರೋ ಬರಿಯ ಲೇಪನಕ್ಕೆ ಬಗ್ಗುವುದಿಲ್ಲ. ಚರ್ಮದ ಒಳಗೆ ಕೊಲಾಜೆನ್ ಹೊಸದಾಗಿ ಜೋಡಣೆಯಾಗಲು ವರ್ಷವೇ ಹಿಡಿಯಬಹುದು. ‘ಮದುವೆಯಾದರೆ ತಾನಾಗಿ ಹೋಗುತ್ತದೆ’ ಎಂದು ಕಾಲ ತಳ್ಳುವುದಕ್ಕಿಂತ, ಮೊಡವೆ ಗಂಟುಕಟ್ಟುವ ಮೊದಲೇ ಚರ್ಮವೈದ್ಯರಲ್ಲಿಗೆ ಹೋಗುವುದು ಮೇಲು.

ಈ ನಗರದಲ್ಲಿ ನಮ್ಮ ಮಕ್ಕಳಿಗೆ ಭಾಷೆ ಬೇರೆ, ಶಾಲೆಯ ಸ್ಪರ್ಧೆ ಬೇರೆ; ಅದರ ಮೇಲೆ ಮುಖದ ಚಿಂತೆಯೊಂದು. ಹಬ್ಬದ ದಿನ ಸಂಘದಲ್ಲಿ ಸೇರಿದಾಗ ‘ಇದೇನಮ್ಮಾ, ಮುಖವೆಲ್ಲ ಹೀಗಾಗಿದೆ?’ ಎಂದು ಎಲ್ಲರೆದುರು ಕೇಳುವ ಹಿತೈಷಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ಪ್ರಶ್ನೆ ಕೇಳಿದ ಹುಡುಗಿ ಮುಂದಿನ ಹಬ್ಬಕ್ಕೆ ಬಾರದಿದ್ದರೆ ನಷ್ಟ ನಮ್ಮೆಲ್ಲರದು. ಅಮ್ಮ ಬಂದು ಹೋದ ಮುಖವನ್ನು ನಮ್ಮ ಹಿಂದಿನವರು ದೂಷಿಸದೆ ಸಹಿಸಿದರು. ಅವರಿಗಿಲ್ಲದ ಮದ್ದು ಇಂದು ನಮ್ಮ ಕೈಯಲ್ಲಿದೆ. ಅವರಿಗಿದ್ದ ಆ ಸೈರಣೆಯನ್ನೂ ನಾವು ಉಳಿಸಿಕೊಂಡರೆ ಮಕ್ಕಳ ಅರ್ಧ ನೋವು ಇಳಿದಂತೆಯೇ.