ಎಫೆಸಸ್ ದಿನಯಾತ್ರೆ
ತುರ್ಕಿಯ ಏಜಿಯನ್ ಕರಾವಳಿಯ ಕುಶಾದಸಿ ಬಂದರಿಗೆ ಬರುವ ವಿಹಾರನೌಕೆಗಳ ಯಾತ್ರಿಕರು, ಖಾಸಗಿ ವಾಹನವನ್ನೂ ಸರಕಾರದ ಪರವಾನಗಿಯುಳ್ಳ ಮಾರ್ಗದರ್ಶಿಯನ್ನೂ ಗೊತ್ತುಮಾಡಿಕೊಂಡು, ಸುಮಾರು 20 ಕಿಲೋಮೀಟರು ದೂರದ ಈ ಪ್ರಾಚೀನ ನಗರಾವಶೇಷಗಳನ್ನು ಸಂದರ್ಶಿಸಿ ಅಂದೇ ಹಡಗಿಗೆ ಮರಳುವ ಪ್ರವಾಸಕ್ರಮ. ಒಂದು ಕಾಲಕ್ಕೆ ತಾನೇ ಮಹಾಬಂದರಾಗಿದ್ದು, ಕೇಸ್ಟರ್ ನದಿಯು ಶತಮಾನಗಳುದ್ದಕ್ಕೂ ಹೊತ್ತು ತಂದ ಹೂಳಿನಿಂದ ಕಡಲನ್ನೇ ಕಳೆದುಕೊಂಡ ಪಟ್ಟಣವನ್ನು ಕಾಣಲು ಮತ್ತೊಂದು ಬಂದರಿನಿಂದ ಹೊರಡಬೇಕಾಗಿರುವುದು ವಿಧಿವಿಲಾಸವೆನ್ನಬೇಕು.

ಮೇಲಣ ದ್ವಾರದಿಂದ ಪ್ರವೇಶಿಸಿದವರಿಗೆ ಅಮೃತಶಿಲೆಯ ಬೀದಿಯ ಇಳಿಜಾರು ಅನುಕೂಲ. ಅದರ ತುದಿಯಲ್ಲಿ, ರೋಮನ್ ಅಧಿಕಾರಿ ಸೆಲ್ಸಸನ ಸ್ಮರಣಾರ್ಥವಾಗಿ ಅವನ ಮಗನು ಕ್ರಿ.ಶ. 2ನೆಯ ಶತಮಾನದಲ್ಲಿ ಕಟ್ಟಿಸಿದ, ತಂದೆಯ ಸಮಾಧಿಯನ್ನೇ ಗರ್ಭದಲ್ಲಿ ಧರಿಸಿರುವ ಗ್ರಂಥಾಲಯದ ಎರಡಂತಸ್ತಿನ ಮುಖಭಿತ್ತಿಯು ಎದುರಾಗುತ್ತದೆ. ಭೂಕಂಪದಲ್ಲಿ ಉರುಳಿದ್ದ ಅದನ್ನು 1970ರ ದಶಕದಲ್ಲಿ ಮರಳಿ ನಿಲ್ಲಿಸಲಾಯಿತು. ಸಮೀಪದ ಇಳಿಜಾರಿನಲ್ಲಿರುವ ಪುರಾತನ ಮನೆಗಳನ್ನು ನೋಡಲು ಪ್ರತ್ಯೇಕ ಶುಲ್ಕವುಂಟು. ದೊಡ್ಡ ಗುಂಪುಗಳು ಅವಸರದಲ್ಲಿ ದಾಟಿಹೋಗುವ ಅಲ್ಲಿನ ಭಿತ್ತಿಚಿತ್ರಗಳ ಮುಂದೆ ಮನಸಾರೆ ನಿಲ್ಲಲು ಸಾಧ್ಯವಾಗುವುದೇ, ನನ್ನ ಎಣಿಕೆಯಲ್ಲಿ, ಖಾಸಗಿ ಯಾತ್ರೆಯ ಮುಖ್ಯ ಲಾಭ. ಸುಮಾರು 25,000 ಜನರನ್ನು ಹಿಡಿಸುತ್ತಿದ್ದ ರಂಗಮಂದಿರವೂ, ಸಪ್ತಾದ್ಭುತಗಳಲ್ಲೊಂದೆನಿಸಿದ್ದ ಆರ್ಟೆಮಿಸ್ ದೇವಾಲಯದ ನೆಲೆಯೂ ಪ್ರೇಕ್ಷಣೀಯ. ದೇವಾಲಯದಲ್ಲಿ ಈಗ ನಿಂತಿರುವುದು ಜೋಡಿಸಿದ ಒಂದೇ ಕಂಬ. ಯುನೆಸ್ಕೋ 2015ರಲ್ಲಿ ಎಫೆಸಸ್ಸನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮರಳುವುದು ತಡವಾದರೆ, ಸ್ವತಂತ್ರವಾಗಿ ಹೊರಟವರಿಗಾಗಿ ಹಡಗು ಸಾಮಾನ್ಯವಾಗಿ ಕಾಯುವುದಿಲ್ಲ.